ಬಿಳಿ ಹೋಗೋದೆಲ್ಲ ಉಷ್ಣ ಅಲ್ಲ

ಪ್ರಶ್ನೆ: ಮೇಡಂ, ನಾವು ಮೂಡಿಗೆರೆ ಕಡೆ ಕಾಫಿ ತೋಟದ ಲೈನ್ ಮನೆಲಿರೋದು. ವಯಸ್ಸು 32, ಇಬ್ರು ಮಕ್ಳು. ಕೆಲವು ತಿಂಗ್ಳಿಂದ ಬಿಳಿ ಹೋಗ್ತಿದೆ, ಕೆಟ್ಟ ವಾಸ್ನೆ, ಆಗಾಗ ಕೆರೆತ. ಅತ್ತೆ ಉಷ್ಣ ಅಂತ ಮೆಂತ್ಯ ನೆನೆಸಿ ಕೊಡ್ತಾರೆ. ಸೋಪು ಹಾಕಿ ಒಳಗೆಲ್ಲ ತೊಳ್ಕೊಂಡೆ, ಉರಿ ಜಾಸ್ತಿ ಆಯ್ತು. ಯಜಮಾನ್ರು ಲಾರಿ ಓಡಿಸ್ತಾರೆ, ಅವ್ರಿಂದ ಬಂದಿರ್ಬಹುದಾ? ಆಸ್ಪತ್ರೆಗೆ ಹೋದ್ರೆ ದಿನದ ಕೂಲಿ ಹೋಗುತ್ತೆ, ಲೈನಲ್ಲಿ ಎಲ್ರೂ ಯಾಕೆ ಅಂತ ಕೇಳ್ತಾರೆ. ಮೆಡಿಕಲ್ ಶಾಪಿಂದ ಮಾತ್ರೆ ತರಿಸ್ಲಾ?

ಉತ್ತರ: ಮಾತ್ರೆ ಈಗ್ಲೇ ತರಿಸ್ಬೇಡಿ, ಯಜಮಾನ್ರ ಜೊತೆ ಜಗಳಾನೂ ಈಗ್ಲೇ ಬೇಡ. ಒಂದು ಮುಟ್ಟಿಗೂ ಇನ್ನೊಂದಕ್ಕೂ ಮಧ್ಯದಲ್ಲಿ ವಾಸ್ನೆ ಇಲ್ದೆ ತೆಳ್ಳಗೆ ಹೋಗೋದು ಎಲ್ಲ ಹೆಂಗಸರಿಗೂ ಇರುತ್ತೆ, ಅದು ಕಾಯಿಲೆನೇ ಅಲ್ಲ. ನಿಮ್ದು ಹಾಗಲ್ಲ. ಮೊಸರು ಒಡೆದ ಹಾಗೆ ಗಟ್ಟಿಯಾಗಿ ಹೋಗಿ ವಿಪರೀತ ಕೆರೆತ ಇದ್ರೆ ಸಾಮಾನ್ಯವಾಗಿ ಫಂಗಸ್, ಶುಗರ್ ಇರೋರಿಗೆ, ಬೇರೆ ಯಾವ್ದಕ್ಕೋ ಆಂಟಿಬಯೋಟಿಕ್ ತಗೊಂಡವ್ರಿಗೆ, ಬಸುರೀರಿಗೆ ಇದು ಬೇಗ ಬರುತ್ತೆ. ತೆಳ್ಳಗೆ ಬೂದು ಬಣ್ಣ, ಮೀನಿನ ವಾಸ್ನೆ, ಅದೂ ಗಂಡನ ಜೊತೆ ಸೇರಿದ ಮೇಲೆ ಜಾಸ್ತಿ ಅಂದ್ರೆ ಒಳಗಿರೋ ಒಳ್ಳೆ ಬ್ಯಾಕ್ಟೀರಿಯಾ ಕಮ್ಮಿಯಾಗಿ ಬೇರೆಯವು ಬೆಳೆದಿರೋದು, ಸೋಪು ಹಾಕಿ ಒಳಗೆ ತೊಳೆಯೋದ್ರಿಂದಾನೂ ಇದಾಗುತ್ತೆ (ಆ ಜಾಗ ತನ್ನನ್ನ ತಾನೇ ಕ್ಲೀನ್ ಮಾಡ್ಕೊಳುತ್ತೆ, ಹೊರಗಡೆ ಬರೀ ನೀರು ಸಾಕು). ಇವೆರಡಕ್ಕೂ ಗಂಡನ್ನೇ ದೂರೋಕೆ ಆಗಲ್ಲ.

ಆದ್ರೆ ಹಳದಿ ಇಲ್ಲಾ ಹಸಿರು ಬಣ್ಣದಲ್ಲಿ ನೊರೆ ನೊರೆಯಾಗಿ ಹೋಗ್ತಿದ್ರೆ ಟ್ರೈಕೋಮೊನಾಸ್ ಅನ್ನೋ ರೋಗಾಣು ಇರ್ಬಹುದು, ಅದು ಸಂಪರ್ಕದಿಂದಾನೇ ಹರಡೋದು, ಗಂಡಸಿಗೆ ಒಂದ್ ಚೂರೂ ತೊಂದ್ರೆ ಕಾಣ್ದೇನೂ ಇರ್ಬಹುದು. ಹಾಗೇ ಸಂಪರ್ಕದಿಂದ ಹರಡೋ ಗೊನೋರಿಯಾ, ಕ್ಲಮೈಡಿಯಾ ಅನ್ನೋ ಸೋಂಕು ಇನ್ನೂ ಮೋಸ, ಎಷ್ಟೋ ಹೆಂಗಸರಿಗೆ ಏನೂ ಗೊತ್ತಾಗ್ದೆ ಗರ್ಭಕೋಶದ ನಳಿಗೆ ಸೋಂಕು ಏರುತ್ತೆ, ಮುಂದೆ ಮಕ್ಳಾಗೋಕೆ ಕಷ್ಟ ಆಗ್ಬಹುದು. ಇಂಥದ್ದು ಅಂತ ಗೊತ್ತಾದ್ರೆ ಯಜಮಾನ್ರೂ ಜೊತೇಲೇ ಮಾತ್ರೆ ನುಂಗ್ಬೇಕು, ಇಬ್ರಿಗೂ ವಾಸಿ ಆಗೋವರೆಗೆ ಸೇರಬಾರ್ದು, ಆಗಲ್ಲ ಅಂದ್ರೆ ನಿರೋಧ್ ಬೇಕೇ ಬೇಕು. ನೀವೊಬ್ರೇ ತಗೊಂಡ್ರೆ ಅವ್ರು ಮುಂದಿನ ಟ್ರಿಪ್ ಮುಗಿಸ್ಕೊಂಡು ಬಂದಾಗ ಮತ್ತೆ ಶುರು.

ಅಂಗಡಿ ಮಾತ್ರೆ ಬೇಡ ಅಂದಿದ್ದು ಇದಕ್ಕೇ. ಫಂಗಸ್‌ಗೆ ಬ್ಯಾಕ್ಟೀರಿಯಾ ಕೊಲ್ಲೋ ಮಾತ್ರೆ ನುಂಗಿದ್ರೆ ಕೆರೆತ ಹೆಚ್ಚೇ ಆಗ್ಬಹುದು. ಸರ್ಕಾರಿ ಆಸ್ಪತ್ರೆಲಿ ಇದಕ್ಕೆ ಬಣ್ಣ ಬಣ್ಣದ ಮಾತ್ರೆ ಕಿಟ್ ಪುಕ್ಕಟೆ ಕೊಡ್ತಾರೆ, ಬಿಳಿ ಹೋಗೋದಕ್ಕೆ ಹಸಿರು, ಕಿಬ್ಬೊಟ್ಟೆ ನೋವಿಗೆ ಹಳದಿ. ಜಿಲ್ಲಾಸ್ಪತ್ರೆಲಿ ಇಂಥ ಸೋಂಕಿಗೇ ಸುರಕ್ಷಾ ಕ್ಲಿನಿಕ್ ಅಂತ ಇರುತ್ತೆ, ಹೇಳಿದ್ದನ್ನ ಹೊರಗೆ ಬಿಡಲ್ಲ. ಹೋಗೋಕೆ ಮುಂಚೆ ಏನಾದ್ರೂ ಕೇಳ್ಬೇಕು ಅನ್ಸಿದ್ರೆ ಸರ್ಕಾರದ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಹೆಸ್ರು ಹೇಳ್ಬೇಕಾಗಿಲ್ಲ.

ಜ್ವರದ ಜೊತೆ ಕಿಬ್ಬೊಟ್ಟೆ ನೋವು, ಸೇರಿದ ಮೇಲೆ ರಕ್ತ, ಇಲ್ಲಾ ಮುಟ್ಟು ನಿಂತು ಬಸುರಿ ಅನ್ನೋ ಅನುಮಾನ ಇದ್ರೆ ಕೂಲಿ ಹೋದ್ರೂ ಹೋಗ್ಲಿ, ಅವತ್ತೇ ಹೋಗಿ. ಮಳೆಗಾಲದಲ್ಲಿ ಮುಟ್ಟಿನ ಬಟ್ಟೆ ಅರ್ಧಂಬರ್ಧ ಒಣಗಿದ್ದನ್ನ ಹಾಕ್ಬೇಡಿ, ಒಲೆ ಮೇಲಿನ ಅಟ್ಟದಲ್ಲಾದ್ರೂ ಪೂರ್ತಿ ಒಣಗ್ಲಿ.

ನಿಮ್ಗೆ 30 ದಾಟಿರೋದ್ರಿಂದ ಹೋದಾಗ ಗರ್ಭಕೋಶದ ಬಾಯಿ ಕ್ಯಾನ್ಸರ್ ಟೆಸ್ಟೂ ಮಾಡಿಸ್ಕೊಳಿ. ಲೈನಲ್ಲಿ ಯಾರಾದ್ರೂ ಕೇಳಿದ್ರೆ ರಕ್ತ ಚೆಕ್ ಮಾಡ್ಸೋಕೆ ಅನ್ನಿ, ಸುಳ್ಳೇನಲ್ಲ, ಶುಗರ್ ಹೆಂಗಿದ್ರೂ ನೋಡಿಸ್ಲೇಬೇಕು.