ಸಂಗೀತ ಕಲಿಯುವವರಿಗೆ ನಾಟಕದಿಂದ ಏನು ಸಿಗುತ್ತೆ?

ಹತ್ತು ವರ್ಷ ಕರ್ನಾಟಕ ಸಂಗೀತ ಕಲಿತಿದ್ದೀರಿ, ಈಗ ಗೆಳೆಯರು ನಾಟಕಕ್ಕೆ ಕರೆಯುತ್ತಿದ್ದಾರೆ. ಹೋದರೆ ಹಾಡಿಗೆ ಉಪಯೋಗ ಆಗುತ್ತಾ, ಇಲ್ಲಾ ಗಂಟಲು ಹಾಳಾಗುತ್ತಾ ಅಂತ ಕೇಳಿದ್ದೀರಿ. ಎರಡಕ್ಕೂ ನನ್ನ ಉತ್ತರ ಹೌದು. ಇಪ್ಪತ್ತನೇ ವಯಸ್ಸಿನಲ್ಲಿ ನಾನೂ ಇದೇ ಅನುಮಾನ ಇಟ್ಟುಕೊಂಡು ಮೈಸೂರಿನ ಒಂದು ಹವ್ಯಾಸಿ ತಂಡಕ್ಕೆ ಸೇರಿದ್ದೆ.

ಮೊದಲ ವಾರವೇ ನಗೆಪಾಟಲಾಯಿತು. ಮಗನನ್ನು ಕಳೆದುಕೊಂಡ ತಾಯಿಯ ಪಾತ್ರ. ಮಾತು ಬಾಯಿಪಾಠ ಆಗಿತ್ತು, ಅಳುವೂ ಬರುತ್ತಿತ್ತು. ಆದರೆ ಬಲಗೈ ಮಾತ್ರ ತನ್ನ ಪಾಡಿಗೆ ತೊಡೆಯ ಮೇಲೆ ಆದಿತಾಳ ಹಾಕುತ್ತಿತ್ತು! ತಂಡದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿರ್ದೇಶಕರು ನಗಲಿಲ್ಲ. "ಯಾರ ಹತ್ರ ಮಾತಾಡ್ತಿದ್ದೀಯಮ್ಮ?" ಅಂದರು. ಉತ್ತರ ಹೊಳೆಯಲಿಲ್ಲ. ಗಂಡನ ಪಾತ್ರದವನು ಎದುರಿಗೇ ನಿಂತಿದ್ದ, ನಾನು ಅವನ ಮುಖ ಒಂದು ಸಲವೂ ನೋಡಿರಲಿಲ್ಲ. ಕಚೇರಿಯಲ್ಲಿ ಮೃದಂಗದವರು ಒಬ್ಬರೇ ನುಡಿಸುವ ತನಿ ಆವರ್ತನ ಮುಗಿಯೋದನ್ನು ಕಾಯುವ ಹಾಗೆ ಅವನ ಮಾತು ಮುಗಿಯೋದನ್ನು ಕಾಯುತ್ತಿದ್ದೆ, ಅಷ್ಟೇ.

ಆ ಪ್ರಶ್ನೆ ಮನೆಗೂ ಬಂತು. ಯಶೋದೆ ಕೂಸನ್ನು ತೂಗುವ ಒಂದು ದೇವರನಾಮವನ್ನು ಆರನೇ ಕ್ಲಾಸಿನಿಂದ ಹಾಡುತ್ತಿದ್ದೆ. ಒಂದೇ ಸಾಲನ್ನು ಬೇರೆ ಬೇರೆ ಥರ ಹಾಡುವ ಸಂಗತಿಗಳೆಲ್ಲ ಶುದ್ಧ, ಮೇಲಿನ ಷಡ್ಜಕ್ಕೆ ಒಳ್ಳೆ ಗಟ್ಟಿ ದನಿ. ಇದನ್ನು ಯಾರಿಗೆ ಹಾಡ್ತಿದ್ದೀನಿ ಅಂತ ಕೇಳಿಕೊಂಡಾಗ ನನಗೇ ನಾಚಿಕೆ ಆಯಿತು. ಅಷ್ಟು ಜೋರಿಗೆ ಮಲಗಿದ ಕೂಸೂ ಎದ್ದು ಕೂರುತ್ತೆ, ಅಲ್ವಾ? ಆ ವರ್ಷದ ರಾಮನವಮಿ ಕಚೇರಿಯಲ್ಲಿ ಎರಡು ಸಂಗತಿ ಬಿಟ್ಟು, ಕಣ್ಣು ತೆರೆದು, ಮೆಲ್ಲಗೆ ಹಾಡಿದೆ. "ಆ ಎರಡು ಸಂಗತಿ ಎಲ್ಲಿ ಹೋಯ್ತು?" ಅಂದರು ನಮ್ಮ ಟೀಚರ್. ಹೇಳಿದೆ. "ಹ್ಞೂಂ, ಸರಿ ಬಿಡು" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮೆಚ್ಚುಗೆ.

ನಮ್ಮಲ್ಲಿ ಇದೇನೂ ಹೊಸದಲ್ಲ. ಕಂಪನಿ ನಾಟಕದ ಕಾಲದಲ್ಲಿ ಹಾಡೋಕೆ ಬಾರದಿದ್ದರೆ ದೊಡ್ಡ ಪಾತ್ರ ಸಿಗೋದೇ ಕಷ್ಟ. ಹೊನ್ನಪ್ಪ ಭಾಗವತರು ಗಾಯಕರೂ ಹೌದು, ನಾಯಕನಟರೂ ಹೌದು. 1989ರಲ್ಲಿ ನಮ್ಮೂರಲ್ಲಿ ರಂಗಾಯಣ ಅನ್ನೋ ನಾಟಕ ಸಂಸ್ಥೆ ಕಟ್ಟಿದ ಬಿ.ವಿ. ಕಾರಂತರು ಹುಡುಗರಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿದವರು. ಆಮೇಲೆ ಕಾಶಿಯಲ್ಲಿ ಹಿಂದೂಸ್ತಾನಿ ಕಲಿತರು. ನಾಟಕ ಆಡಿಸುವವರೂ ಅವರೇ, ಅದಕ್ಕೆ ಸಂಗೀತ ಮಾಡುವವರೂ ಅವರೇ. ಸೇರೋ ಮೊದಲು ಒಂದು ಸಂಜೆ ರಂಗಾಯಣದ ಭೂಮಿಗೀತ ರಂಗಮಂದಿರದಲ್ಲಿ ನಾಟಕ ನೋಡಿ. ಮಾತಾಡುವವರನ್ನು ಬಿಡಿ, ಸುಮ್ನೆ ನಿಂತು ಕೇಳುತ್ತಿರುವವರನ್ನು ನೋಡಿ. ಪಕ್ಕವಾದ್ಯದವರು ನುಡಿಸುವಾಗ ನೀವು ಹೇಗೆ ಕೂತಿರುತ್ತೀರಿ ಅನ್ನೋದು ನೆನಪಾಗುತ್ತೆ.

ಇನ್ನು ಗಂಟಲು. ಪ್ರದರ್ಶನ ಹತ್ತಿರ ಬಂದಾಗ ರಿಹರ್ಸಲ್ ರಾತ್ರಿ ಹತ್ತಾದರೂ ಮುಗಿಯಲ್ಲ, ಬೆಳಗಿನ ಸಾಧನೆ ತಪ್ಪುತ್ತೆ. ಕಿರುಚುವ ಒಂದು ದೃಶ್ಯವನ್ನು ಒಂದೇ ದಿನ ಆರೇಳು ಸಲ ಮಾಡಿ, ಕಚೇರಿಗೆ ಎರಡು ದಿನ ಇರುವಾಗ ನನ್ನ ದನಿ ಕಟ್ಟಿಹೋಗಿತ್ತು. ತಪ್ಪು ನನ್ನದೇ, ನಿರ್ದೇಶಕರಿಗೆ ಕಚೇರಿ ವಿಷಯ ಹೇಳಿರಲಿಲ್ಲ. ನೀವು ಮೊದಲೇ ತಾರೀಖು ಹೇಳಿಬಿಡಿ. ರಿಹರ್ಸಲ್‌ನಲ್ಲಿ ಪ್ರತಿ ಸಲವೂ ನಿಜವಾಗಿ ಕಿರುಚಬೇಕಾಗಿಲ್ಲ. ಮನೆಗೆ ಬಂದು ತಾರಸ್ಥಾಯಿಯ ಎತ್ತರದ ಸ್ವರ ಮುಟ್ಟೋಕೆ ಹೋಗಬೇಡಿ.

ಅಂದ ಹಾಗೆ, ಆ ಬಲಗೈಗೆ ನಿರ್ದೇಶಕರೇ ಔಷಧಿ ಹುಡುಕಿದರು. ಒಂದು ಮೊರ ಅಕ್ಕಿ ಕೊಟ್ಟು, ಮಾತಾಡುತ್ತಾ ಕಲ್ಲು ಆರಿಸು ಅಂದರು. ಮೊದಲ ನಾಲ್ಕು ದಿನ ಕಲ್ಲನ್ನೂ ತಾಳಕ್ಕೆ ಸರಿಯಾಗಿಯೇ ಆರಿಸಿದೆ.