ಏಟು ತಿನ್ನಿಸುವುದು ಕೀಬೋರ್ಡ್ ಅಲ್ಲ, ಬಟನ್ ಬಿಡದ ಬೆರಳು

ಪ್ರಶ್ನೆ: ಡೊಂಬಿವಲಿಯಲ್ಲಿದ್ದೇನೆ, ಇಂಜಿನಿಯರಿಂಗ್ ಓದುತ್ತಿದ್ದೇನೆ. ಲ್ಯಾಪ್‌ಟಾಪಿನಲ್ಲಿ ಕೀಬೋರ್ಡ್, ಮೌಸ್ ಹಿಡಿದು ಎಲ್ಡನ್ ರಿಂಗ್ ಆಡುತ್ತೇನೆ. ಮಾರ್ಗಿಟ್ ಅನ್ನುವ ಬಾಸ್‌ನನ್ನು, ಅಂದರೆ ದಾರಿಗೆ ಅಡ್ಡ ನಿಂತ ದೊಡ್ಡ ಶತ್ರುವನ್ನು, ದಾಟಲು ಆಗುತ್ತಿಲ್ಲ. ಸ್ಪೇಸ್ ಒತ್ತಿದರೂ ರೋಲ್ (ಉರುಳಿ ಏಟು ತಪ್ಪಿಸಿಕೊಳ್ಳುವುದು) ತಡವಾಗಿ ಆಗುತ್ತದೆ. ಕಂಟ್ರೋಲರ್ ಇಲ್ಲದೆ ಇಂಥ ಗೇಮ್ ಆಡಲೇಬಾರದು ಅಂತಾರೆ ಗೆಳೆಯರು. ಐದು ಸಾವಿರ ಕೇಳಿದರೆ ಅಪ್ಪ ಕೊಡುತ್ತಿಲ್ಲ. ಏನು ಮಾಡಲಿ?

ಉತ್ತರ: ಅಪ್ಪ ಮಾಡಿದ್ದು ಸರಿ. ಸದ್ಯಕ್ಕೆ ಹಾಗೇ ಇರಲಿ.

ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಬಾಸ್ ಹೆಸರು ಮಾತ್ರ ಬೇರೆ. ಲ್ಯಾಮಿಂಗ್ಟನ್ ರೋಡಿನಲ್ಲಿ ಹೊಸ ಕಂಟ್ರೋಲರ್ ಕೊಂಡು, ಅದೇ ಬಾಸ್ ಕೈಲಿ ಅದೇ ಏಟು ತಿಂದು, 'ಸರ್, ಇದೂ ತಡ ಮಾಡ್ತಿದೆ ನೋಡಿ' ಅಂತ ನನ್ನ ರಿಪೇರಿ ಟೇಬಲ್ಲಿಗೆ ತರುವವರಿದ್ದಾರೆ. ಬಿಚ್ಚಿ ನೋಡಿದರೆ ಒಳಗೆ ಎಲ್ಲ ಸರಿಯಾಗೇ ಇರುತ್ತದೆ.

ಈ ಗೇಮಿನಲ್ಲಿ ಓಡುವುದಕ್ಕೂ ರೋಲ್ ಮಾಡುವುದಕ್ಕೂ ಬಟನ್ ಒಂದೇ. ಒತ್ತಿ ಹಿಡಿದರೆ ಓಟ, ತಟ್ಟಿ ಬಿಟ್ಟರೆ ರೋಲ್. ನೀವು ಒತ್ತಿದ ಕೂಡಲೇ ನಿಮಗೆ ಯಾವುದು ಬೇಕು ಅಂತ ಗೇಮಿಗೆ ಗೊತ್ತಾಗುವುದಿಲ್ಲ. ಅದಕ್ಕೇ ರೋಲ್ ಆಗುವುದು ಬಟನ್ ಬಿಟ್ಟಾಗ, ಒತ್ತಿದಾಗ ಅಲ್ಲ. ಸ್ಪೇಸ್ ಆದರೂ ಅಷ್ಟೇ, ಕಂಟ್ರೋಲರಿನ ಬಿ ಬಟನ್ ಆದರೂ ಅಷ್ಟೇ. ಹೆದರಿದವರು ಬಟನ್ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ, ಬಿಡುವುದಿಲ್ಲ. ತಡ ಅಲ್ಲೇ ಆಗುತ್ತಿದೆ.

ಮಾರ್ಗಿಟ್ ನಿಮ್ಮ ಅವಸರಕ್ಕೇ ಕಾಯುವ ಆಸಾಮಿ. ಕೋಲು ಎತ್ತುತ್ತಾನೆ, ಗಾಳಿಯಲ್ಲೇ ಹಿಡಿದು ನಿಲ್ಲುತ್ತಾನೆ, ನೀವು ಗಾಬರಿಯಲ್ಲಿ ರೋಲ್ ಮುಗಿಸಿದ ಮೇಲೆ ಇಳಿಸುತ್ತಾನೆ. ಕೋಲು ಏರಿದ್ದನ್ನು ನೋಡಿ ಒತ್ತಬೇಡಿ. ಇಳಿಯಲು ಶುರುವಾದಾಗ ಸ್ಪೇಸನ್ನು ಟಕ್ ಅಂತ ತಟ್ಟಿ ಬಿಟ್ಟುಬಿಡಿ. ಒಂದು ಸಂಜೆ ಅವನಿಗೆ ಒಂದೂ ಏಟು ಹಾಕದೆ ಬರೀ ತಪ್ಪಿಸಿಕೊಳ್ಳುವುದನ್ನೇ ಮಾಡಿ. ಪಾತ್ರ ತೊಟ್ಟ ಆಯುಧ, ಕವಚಗಳ ಭಾರ ಮಿತಿಯ ಶೇ 70 ಮುಟ್ಟಿದ್ದರೆ ರೋಲ್ ತಾನೇ ನಿಧಾನವಾಗುತ್ತದೆ. ಅದನ್ನೂ ನೋಡಿಲ್ಲ ಅಂದರೆ ನನಗೆ ಬರೆಯುವ ಮೊದಲು ನೋಡಬೇಕಿತ್ತು.

ಹಾಗಂತ ಕೀಬೋರ್ಡಿನಲ್ಲಿ ದೋಷವೇ ಇಲ್ಲ ಅಂತಲ್ಲ. ಅಗ್ಗದ ಕೀಬೋರ್ಡುಗಳಲ್ಲಿ, ಕೆಲವು ಲ್ಯಾಪ್‌ಟಾಪುಗಳಲ್ಲೂ, ಕೀಗಳ ತಂತಿಗಳು ಅಡ್ಡ ಉದ್ದ ಸಾಲುಗಳಲ್ಲಿ ಹಂಚಿಕೊಂಡಿರುತ್ತವೆ. ಕೆಲವು ಮೂರು ಕೀ ಒಟ್ಟಿಗೆ ಒತ್ತಿದರೆ ಮೂರನೆಯದು ದಾಖಲಾಗುವುದೇ ಇಲ್ಲ. ನೋಟ್‌ಪ್ಯಾಡ್ ತೆರೆದು ಡಬ್ಲ್ಯು ಮತ್ತು ಡಿ ಹಿಡಿದುಕೊಂಡೇ ಸ್ಪೇಸ್ ಒತ್ತಿ. ಖಾಲಿ ಜಾಗ ಮುಂದೆ ಓಡಿತಾ? ಕೀಬೋರ್ಡ್ ಸರಿ ಇದೆ. ಎ ಮತ್ತು ಡಬ್ಲ್ಯು ಹಿಡಿದೂ ನೋಡಿ. ಓಡದಿದ್ದರೆ ರೋಲಿಗೆ ಬೇರೆ ಕೀ ಇಟ್ಟುಕೊಳ್ಳಿ. ದುಡ್ಡು ಬೇಕಾಗಿಲ್ಲ.

ಇನ್ನು ಗೆಳೆಯರ ಮಾತು. ಇದೇ ಬಗೆಯ ಹಳೆಯ ಗೇಮ್ ಡಾರ್ಕ್ ಸೋಲ್ಸ್ 2012ರಲ್ಲಿ ಪಿಸಿಗೆ ಬಂದಾಗ ಕೀಬೋರ್ಡ್, ಮೌಸ್ ಕಥೆ ನಿಜಕ್ಕೂ ಕೆಟ್ಟದಾಗಿತ್ತು. ಪರದೆ ಮೇಲೆ ಕಂಟ್ರೋಲರಿನ ಬಟನ್‌ಗಳೇ ಕಾಣುತ್ತಿದ್ದವು. 2017ರಲ್ಲಿ ನಿಯೋಹ್ ಪಿಸಿಗೆ ಬಂದಾಗ ಮೌಸ್ ಕೆಲಸವನ್ನೇ ಮಾಡುತ್ತಿರಲಿಲ್ಲ, ಆಮೇಲೆ ಸೇರಿಸಿದರು. ಆಗ ಕಂಟ್ರೋಲರ್ ತಗೋ ಅಂದವರು ಸರಿಯಾಗೇ ಅಂದರು. ಆ ಮಾತನ್ನೇ ಇವತ್ತಿಗೂ ಹಿಡಿದು ಜಗ್ಗುವುದು ಮಾತ್ರ ಬೇಸರ ತರಿಸುತ್ತದೆ.

ನಾನು ನೋಡುವುದು ಒಂದೇ: ಬಲ ಹೆಬ್ಬೆರಳಿಗೆ ಗೇಮ್ ಎಷ್ಟು ಕೆಲಸ ಕೊಡುತ್ತದೆ? ಕಂಟ್ರೋಲರಿನಲ್ಲಿ ಕ್ಯಾಮೆರಾ ತಿರುಗಿಸುವುದೂ ಆ ಬೆರಳೇ, ನಾಲ್ಕು ಬಟನ್ ಒತ್ತುವುದೂ ಅದೇ. ಬಿ ಹಿಡಿದು ಓಡುತ್ತಾ ಕ್ಯಾಮೆರಾ ತಿರುಗಿಸಬೇಕಾದರೆ ತೋರುಬೆರಳನ್ನು ಮಡಚಿ ಬಟನ್ ಮೇಲೆ ತರಬೇಕು. ಹುಲಿಯುಗುರು ಹಿಡಿತ ಅನ್ನಿ ಬೇಕಾದರೆ. ಕೆಲವರು ವರ್ಷಗಟ್ಟಲೆ ಹಾಗೇ ಆಡುತ್ತಾರೆ, ಗೆಣ್ಣು ನೋವಿನ ಮಾತು ಬಂದರೆ ಎದ್ದು ಹೋಗುತ್ತಾರೆ. ಮೌಸ್‌ನಲ್ಲಿ ಈ ತೊಂದರೆ ಇಲ್ಲ. ಬಲಗೈ ಕ್ಯಾಮೆರಾ ನೋಡಿಕೊಳ್ಳುತ್ತದೆ, ಎಡ ಹೆಬ್ಬೆರಳು ಸ್ಪೇಸ್ ನೋಡಿಕೊಳ್ಳುತ್ತದೆ. ಬಿಲ್ಲು ಗುರಿ ಇಡುವುದಕ್ಕಂತೂ ಮೌಸೇ ಮೇಲು. ಕೀಬೋರ್ಡಿನಲ್ಲಿ ಕಷ್ಟ ಆಗುವುದು ಎಡಗೈಗೆ. ನಡಿಗೆ, ಔಷಧಿ, ಶಿಫ್ಟ್ ಒತ್ತಿ ಜೋರು ಏಟು, ಎಲ್ಲ ಅಲ್ಲೇ ಗುಂಪು. ಕಂಟ್ರೋಲರಿನ ಸ್ಟಿಕ್ (ಹೆಬ್ಬೆರಳಿನಿಂದ ಬಾಗಿಸುವ ಪುಟ್ಟ ಕಡ್ಡಿ) ಸ್ವಲ್ಪ ಬಾಗಿಸಿದರೆ ಮೆಲ್ಲಗೆ, ಪೂರ್ತಿ ಬಾಗಿಸಿದರೆ ಜೋರಾಗಿ ನಡೆಯಬಹುದು. ಕೀಬೋರ್ಡಿನ ಕೀಗೆ ಅದು ಗೊತ್ತಿಲ್ಲ, ಒತ್ತಿದೆ ಅಥವಾ ಇಲ್ಲ ಅಷ್ಟೇ.

ಹಾಗಾಗಿ ಎಲ್ಡನ್ ರಿಂಗಿಗೆ ಎರಡೂ ನಡೆಯುತ್ತವೆ. ಸೆಕಿರೊಗೆ ನನ್ನ ಮತ ಮೌಸ್‌ಗೆ. ಎಡ ಕ್ಲಿಕ್ ಕತ್ತಿ, ಬಲ ಕ್ಲಿಕ್ ತಡೆ, ಆ ಗೇಮಿನ ಮುಕ್ಕಾಲು ಪಾಲು ಇಷ್ಟೇ ಅಲ್ವಾ? ಡೆವಿಲ್ ಮೇ ಕ್ರೈ 5 ಆಡುವವರು ಕಂಟ್ರೋಲರ್ ತಗೊಳ್ಳಿ. ಶತ್ರುವನ್ನು ಲಾಕ್ ಮಾಡಿ ಹಿಡಿದು, ಹಿಂದೆ ಮುಂದೆ ತಳ್ಳಿ ಏಟು ಕೊಡುವುದು ಸ್ಟಿಕ್‌ಗೆ ಹೇಳಿ ಮಾಡಿಸಿದ್ದು. ಸೆಲೆಸ್ಟ್‌ನಂಥ ಗೇಮಿಗೆ ಸ್ಟಿಕ್ ಮುಟ್ಟಬೇಡಿ. ಅದರಲ್ಲಿ ಹಾರಿ ನುಗ್ಗುವುದು ಎಂಟೇ ದಿಕ್ಕಿಗೆ. ಬಾಣದ ಕೀಗಳೋ ಕಂಟ್ರೋಲರಿನ ಡಿ-ಪ್ಯಾಡೋ (ದಿಕ್ಕಿನ ಬಟನ್‌ಗಳು) ಸಾಕು.

ತಮ್ಮಾ, ಬಾಸ್ ಮಧ್ಯೆ ಸಾಧನ ಬದಲಿಸಬೇಡ. ಕೈಗೆ ಕೂತ ಅಭ್ಯಾಸ ಹೋಗುತ್ತದೆ, ಮೊದಲಿಗಿಂತ ಜಾಸ್ತಿ ಸಾಯುತ್ತೀಯ. ಮಾರ್ಗಿಟ್ ಮುಗಿಸು, ಆಮೇಲೂ ಸೋಫಾದಲ್ಲಿ ಒರಗಿ ಆಡುವ ಆಸೆ ಇದ್ದರೆ ಅಪ್ಪನನ್ನು ಕೇಳು. ಕೊಳ್ಳುವಾಗ ವೈರ್ ಇರುವುದನ್ನು ತಗೋ. ಎಕ್ಸ್‌ಇನ್‌ಪುಟ್ (ವಿಂಡೋಸ್ ಗೇಮುಗಳು ಕಂಟ್ರೋಲರನ್ನು ಗುರುತಿಸುವ ಪದ್ಧತಿ) ಇದೆಯಾ ಅಂತ ಕೇಳು. ಅಂಗಡಿಯವರು 'ಹಾಗಂದರೆ ಏನು?' ಅಂತ ಕೇಳಿದರೆ ಬೇರೆ ಅಂಗಡಿಗೆ ಹೋಗು.

ಪ್ರಶ್ನೆ: ಪುಣೆಯ ತಪಕೀರ್ ಗಲ್ಲಿಯಲ್ಲಿ 1000 ಹರ್ಟ್ಜ್ ಕೀಬೋರ್ಡ್ ತಗೊಂಡರೆ ಸೋಲೇ ಇಲ್ಲ ಅಂದರು. ನಿಜವಾ?

ಉತ್ತರ: ಸುಳ್ಳು. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದು ಫ್ರೇಮಿಗೆ ಸುಮಾರು 16.7 ಮಿಲಿಸೆಕೆಂಡ್. ಸಾಮಾನ್ಯ 125 ಹರ್ಟ್ಜ್ ಕೀಬೋರ್ಡನ್ನು ಕಂಪ್ಯೂಟರ್ ಸೆಕೆಂಡಿಗೆ 125 ಸಲ, ಅಂದರೆ 8 ಮಿಲಿಸೆಕೆಂಡಿಗೊಮ್ಮೆ ವಿಚಾರಿಸುತ್ತದೆ. ನೋಡಿ ಒತ್ತಲು ನಿಮಗೆ 200 ಮಿಲಿಸೆಕೆಂಡಿಗಿಂತ ಜಾಸ್ತಿ ಬೇಕು. ಅದರ ಮುಂದೆ ಆ 8 ಏನೂ ಅಲ್ಲ. ಟಿವಿಗೆ ಜೋಡಿಸಿ ಆಡುತ್ತಿದ್ದರೆ ಅದರ ಗೇಮ್ ಮೋಡ್ ಹಾಕಿ, ಚಿತ್ರ ತಡವಾಗುವುದು ಕಡಿಮೆಯಾಗುತ್ತದೆ, ಪುಕ್ಕಟೆ.

ಪ್ರಶ್ನೆ: ವಾಸ್ಕೋದಲ್ಲಿದ್ದೇನೆ. ಸ್ಟಿಕ್ ಮುಟ್ಟದಿದ್ದರೂ ಪಾತ್ರ ನಡೆಯುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಸರಿಹೋಗುತ್ತದಂತೆ. ಹೊಡೆಯಲಾ?

ಉತ್ತರ: ಬೇಡ. ಒಳಗಿನ ಕಾರ್ಬನ್ ಪಟ್ಟಿ ಉಜ್ಜಿ ಉಜ್ಜಿ ಸವೆದಿದೆ. ಸವೆದದ್ದನ್ನು ಸ್ಪ್ರೇ ಹೇಗೆ ತುಂಬುತ್ತದೆ? ಎಣ್ಣೆ ಸೇರಿದರೆ ಧೂಳು ಅಂಟಿ ಇನ್ನೂ ಹಾಳು. ಗೇಮಿನಲ್ಲಿ ಡೆಡ್‌ಜೋನ್ (ಸ್ಟಿಕ್‌ನ ಸಣ್ಣ ಅಲುಗಾಟವನ್ನು ಗೇಮ್ ಲೆಕ್ಕಿಸದ ಮಿತಿ) ಸ್ವಲ್ಪ ಹೆಚ್ಚಿಸಿ ದಿನ ತಳ್ಳಿ, ಆಮೇಲೆ ಸ್ಟಿಕ್ ಬದಲಿಸಿ. ಹಾಲ್ ಎಫೆಕ್ಟ್ ಸ್ಟಿಕ್ ಸಿಕ್ಕರೆ ಅದನ್ನೇ ಹಾಕಿಸಿ. ಅದು ಅಯಸ್ಕಾಂತದಿಂದ ಅಳೆಯುತ್ತದೆ, ಉಜ್ಜುವ ಪಟ್ಟಿ ಇರುವುದಿಲ್ಲ. ಬೆಸುಗೆ ಗೊತ್ತಿರುವವರ ಕೈಗೇ ಕೊಡಿ.

ಪ್ರಶ್ನೆ: ಮಾಟುಂಗಾದಿಂದ. ಎರಡು ವಾರದಿಂದ ಹೆಬ್ಬೆರಳು ಜೋಮು ಹಿಡಿಯುತ್ತದೆ. ಮೆತ್ತನೆ ಕಂಟ್ರೋಲರ್ ಯಾವುದು?

ಉತ್ತರ: ಯಾವುದೂ ಅಲ್ಲ. ಆಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಈ ವಿಷಯದಲ್ಲಿ ನಾನು ಪುಕ್ಕಲ, ಹಾಗೇ ಇರುತ್ತೇನೆ.

ಪ್ರಶ್ನೆ: 'ಜೀರೋ ಡಿಲೇ' ಸಾಫ್ಟ್‌ವೇರ್ 299 ರೂಪಾಯಿಗೆ ಕೊಂಡು ಹಾಕಿದ್ದೇನೆ. ವ್ಯತ್ಯಾಸ ಕಾಣುತ್ತಿಲ್ಲ. ಸೆಟ್ಟಿಂಗ್ ಏನು ಮಾಡಬೇಕು?

ಉತ್ತರ: ತೆಗೆದುಹಾಕಿ. ಆಂಟಿವೈರಸ್ ಒಮ್ಮೆ ಓಡಿಸಿ, ಗೇಮ್ ಖಾತೆಯ ಪಾಸ್‌ವರ್ಡ್ ಇವತ್ತೇ ಬದಲಿಸಿ.