ನಗರದ ಹಕ್ಕಿಗಳಿಗಾಗಿ ಸಂಸ್ಥೆ ಕಟ್ಟುವುದಿದ್ದರೆ, ರಕ್ಷಣಾ ಕೇಂದ್ರದಿಂದ ಆರಂಭಿಸಬೇಡಿ
ಶಿವಮೊಗ್ಗದಲ್ಲಿ ಗೂಡಿನಿಂದ ಬಿದ್ದ ಹಕ್ಕಿಮರಿಗಳಿಗೆ ರಕ್ಷಣಾ ಕೇಂದ್ರ ತೆರೆಯಲು ಟ್ರಸ್ಟ್ ಮಾಡಬೇಕೋ, ಸಂಘ ನೋಂದಾಯಿಸಬೇಕೋ ಎಂದು ಕೇಳಿದ್ದೀರಿ. ಏಳು ವರ್ಷಗಳ ಹಿಂದೆ ನಾನೂ ನನ್ನ ಗೆಳೆಯರೂ ವಿನೋಬನಗರದ ಮನೆಯೊಂದರ ಜಗಲಿಯಲ್ಲಿ ಕುಳಿತು ಇದೇ ಚರ್ಚೆಯಲ್ಲಿ ಒಂದಿಡೀ ಚಳಿಗಾಲವನ್ನು ಕಳೆದೆವು. ಕೊನೆಗೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ಏಳು ಮಂದಿಯನ್ನು ಹೊಂದಿಸಿ ಸಂಘ ಮಾಡಿದೆವು. ಟ್ರಸ್ಟ್ ಮಾಡಿದ್ದರೂ ನಡೆಯುತ್ತಿತ್ತು. ನಮಗೆ ಪೆಟ್ಟು ಬಿದ್ದದ್ದು ಕರಪತ್ರದ ಒಂದು ವಾಕ್ಯದಿಂದ.

"ನೆಲದ ಮೇಲೆ ಹಕ್ಕಿಮರಿ ಕಂಡರೆ ಕೂಡಲೇ ಕರೆ ಮಾಡಿ, ನಾವು ಬಂದು ಒಯ್ಯುತ್ತೇವೆ." ಇದನ್ನು ಬರೆದವನು ನಾನು. ಮಾರ್ಚ್ ತಿಂಗಳಿನಲ್ಲಿ ಗಾಂಧಿ ಬಜಾರಿನಿಂದ ಗೋಪಾಳದವರೆಗೆ ಅಂಗಡಿ, ಶಾಲೆ, ದೇವಸ್ಥಾನಗಳಲ್ಲೆಲ್ಲ ಅದನ್ನು ಹಂಚಿದೆವು. ಏಪ್ರಿಲ್ ಹುಟ್ಟುತ್ತಿದ್ದಂತೆ ಫೋನಿಗೆ ಬಿಡುವಿಲ್ಲದಾಯಿತು. ರಟ್ಟಿನ ಪೆಟ್ಟಿಗೆಗಳಲ್ಲಿ ಪಿಕಳಾರ, ಮಡಿವಾಳ ಹಕ್ಕಿ, ಮೈನಾ, ಸೂರಕ್ಕಿಗಳ ಮರಿಗಳು ಬಂದವು. ಮೇ ಕೊನೆಯ ಹೊತ್ತಿಗೆ ನಮ್ಮ ನೋಟ್ ಪುಸ್ತಕದಲ್ಲಿ 43 ಮರಿಗಳ ಲೆಕ್ಕವಿತ್ತು; ಅವುಗಳಲ್ಲಿ ಹಾರಿಹೋದವು 6.

ಆ ವಾಕ್ಯದಲ್ಲಿದ್ದ ತಪ್ಪನ್ನು ಬಿಡಿಸಿ ಹೇಳಲೇಬೇಕು. ನಾವು ಒಯ್ದ ಮರಿಗಳಲ್ಲಿ ಹೆಚ್ಚಿನವು ಬಿದ್ದ ಮರಿಗಳೇ ಆಗಿರಲಿಲ್ಲ. ಪಿಕಳಾರದಂತಹ ಸಣ್ಣ ಹಕ್ಕಿಯ ಮರಿ ಮೊಟ್ಟೆಯೊಡೆದು ಸುಮಾರು ಎರಡು ವಾರಗಳಲ್ಲಿ, ಚೆನ್ನಾಗಿ ಹಾರಲು ಬರುವ ಮೊದಲೇ, ಗೂಡನ್ನು ತಾನಾಗಿ ಬಿಡುತ್ತದೆ. ಮೈತುಂಬ ಪುಕ್ಕ, ಮೊಂಡು ಬಾಲ, ಬಾಯಿಯ ಅಂಚಿನಲ್ಲಿ ಹಳದಿ ಬಣ್ಣ. ಅದು ಕೆಲವು ದಿನ ಗಿಡಗಳ ಬುಡದಲ್ಲಿ ಕುಪ್ಪಳಿಸುತ್ತಿದ್ದರೆ ತಾಯಿತಂದೆಗಳು ಅಲ್ಲಿಗೇ ಹುಳ ತಂದು ಉಣಿಸುತ್ತವೆ. ಮನುಷ್ಯರು ಹತ್ತಿರ ನಿಂತಿದ್ದರೆ ಅವು ಇಳಿದು ಬರುವುದಿಲ್ಲ, ಆದ್ದರಿಂದ ನಮಗೆ ಮರಿ ಅನಾಥವಾಗಿ ಕಾಣುತ್ತದೆ. ಹೀಗೆ ತಾಯಿತಂದೆಗಳಿದ್ದ ಮರಿಗಳನ್ನು ನಾವು ಅವುಗಳ ಕಣ್ಣೆದುರೇ ಎತ್ತಿಕೊಂಡು ಬಂದೆವು. ಬಂದವುಗಳಿಗೆ ಹಾಲಿನಲ್ಲಿ ನೆನೆಸಿದ ಬ್ರೆಡ್ ತಿನ್ನಿಸಿದೆವು. ಹಕ್ಕಿಗಳಿಗೆ ಹಾಲು ಅರಗುವುದಿಲ್ಲ. ಡ್ರಾಪರಿನಿಂದ ನೀರು ಹಾಕಿದೆವು. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುವುದರಿಂದ ಆ ನೀರು ನೇರವಾಗಿ ಶ್ವಾಸಕೋಶಕ್ಕೆ ಇಳಿಯಬಹುದೆಂದು ನಮಗೆ ತಿಳಿದಿರಲಿಲ್ಲ.

ರಾಜೇಂದ್ರ ನಗರದ ಅಜ್ಜಿಯೊಬ್ಬರು ಮರಿಯೊಂದನ್ನು ಕೊಟ್ಟ ಮರುದಿನ ಕರೆ ಮಾಡಿದರು: "ನೀನು ಆ ಮರಿ ತಗೊಂಡು ಹೋದೆಯಲ್ಲ, ಎರಡು ಹಕ್ಕಿ ಬಾಯಲ್ಲಿ ಹುಳ ಕಚ್ಚಿಕೊಂಡು ದಾಸವಾಳದ ಗಿಡ ಸುತ್ತುತ್ತಾ ಇದಾವೆ ಕಣಪ್ಪಾ, ನಿನ್ನೆಯಿಂದ ಬಿಟ್ಟು ಹೋಗಿಲ್ಲ." ಮರಿ ಆ ರಾತ್ರಿಯೇ ಸತ್ತಿತ್ತು. ಅದನ್ನು ಅವರಿಗೆ ತಿಳಿಸಲು ನನಗೆ ಮೂರು ದಿನ ಬೇಕಾಯಿತು.

ಆದ್ದರಿಂದ ಕೇಂದ್ರದ ಯೋಚನೆಯನ್ನೇ ಕೈಬಿಡಿ ಎನ್ನುತ್ತೇನೆ. ನಿಜವಾಗಿ ಗಾಯಗೊಂಡ ಹಕ್ಕಿಗೆ ಪಶುವೈದ್ಯರು ಬೇಕು, ಅರಣ್ಯ ಇಲಾಖೆಗೆ ತಿಳಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ಕಾಡುಹಕ್ಕಿಯನ್ನು ಮನೆಯಲ್ಲಿ ಸಾಕುವ ಹಕ್ಕು ನಿಮಗೂ ಇಲ್ಲ, ನಿಮ್ಮ ಸಂಘಕ್ಕೂ ಇಲ್ಲ. ಪುಕ್ಕ ಬಾರದ ಮರಿ ಬಿದ್ದಿದ್ದರೆ ಗೂಡು ಹುಡುಕಿ ಮರಳಿ ಇಡಿಸಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ, ಆದರೆ ಅದು ಸುಳ್ಳು.

ಸಂಘದ ಶಕ್ತಿಯನ್ನೆಲ್ಲ ಮರಗಳಿಗೆ ಹಾಕಿ. ಮಳೆಗಾಲಕ್ಕೆ ಮುನ್ನ ವಿದ್ಯುತ್ ತಂತಿಗೆ ತಾಗುವ ಕೊಂಬೆಗಳನ್ನು ಕಡಿಯುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಗೂಡುಗಳಲ್ಲಿ ಮರಿಗಳಿರುವುದೂ ಆಗಲೇ. ನಾವೀಗ ಬೀದಿಬೀದಿಯ ಹೊಂಗೆ, ನೇರಳೆ, ಮಾವುಗಳಲ್ಲಿ ಗೂಡು ಕಟ್ಟುವ ಮರಗಳನ್ನು ಗುರುತಿಸಿ, ಜನವರಿಯಲ್ಲೇ ಲೈನ್‌ಮನ್‌ಗಳನ್ನು ಕಂಡು, ಅವುಗಳ ಕೊಂಬೆಗಳನ್ನು ಆಗಲೇ ಸವರಿಬಿಡುವಂತೆ ಕೇಳಿಕೊಳ್ಳುತ್ತೇವೆ. ಅವರಲ್ಲಿ ಅನೇಕರು ಗೂಡಿದ್ದ ಕೊಂಬೆಯನ್ನು ಬಿಟ್ಟು ಕಡಿದದ್ದನ್ನು ನಾನೇ ನೋಡಿದ್ದೇನೆ. ಮರವನ್ನೇ ಉರುಳಿಸಲು ಹೊರಟವರನ್ನು ಕಂಡರೆ 1976ರ ಮರಗಳ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಲಿಖಿತ ಅನುಮತಿ ಇದೆಯೇ ಎಂದು ಕೇಳುತ್ತೇವೆ. ಮಂಡಗದ್ದೆಯಲ್ಲಿ ತುಂಗೆಯ ನಡುವಿನ ಮರಗಳ ಮೇಲಿನ ಬೆಳ್ಳಕ್ಕಿಗಳನ್ನು ನೋಡಿ ಸಂತೋಷಪಡುವ ಜನರೇ ತಮ್ಮ ಬೀದಿಯ ಮರದಲ್ಲಿ ಅವು ಕೂತರೆ ಹಿಕ್ಕೆಯ ವಾಸನೆಯೆಂದು ದೂರುತ್ತಾರೆ. ಅವರೊಂದಿಗೆ ತಾಳ್ಮೆಯಿಂದ ಮಾತನಾಡುವುದೂ ನಿಮ್ಮ ಪಾಲಿಗೆ ಬರುತ್ತದೆ.

ನಮ್ಮ ಈಗಿನ ಕರಪತ್ರದಲ್ಲಿ ಆ ಹಳೆಯ ವಾಕ್ಯದ ಜಾಗದಲ್ಲಿ ಹೀಗಿದೆ: "ಮರಿಗೆ ಪುಕ್ಕ ಬಂದಿದ್ದರೆ ಮುಟ್ಟಬೇಡಿ. ನಾಯಿ, ಬೆಕ್ಕುಗಳನ್ನು ಕಟ್ಟಿಹಾಕಿ, ದೂರ ನಿಂತು ಒಂದು ಗಂಟೆ ನೋಡಿ." ಕಳೆದ ಮೇ ತಿಂಗಳಿನಲ್ಲಿ ಅದೇ ಅಜ್ಜಿ ಮತ್ತೆ ಕರೆ ಮಾಡಿದ್ದರು. ದಾಸವಾಳದ ಬುಡದಲ್ಲಿ ಇನ್ನೊಂದು ಮರಿ ಕೂತಿದೆ, ಬೆಕ್ಕನ್ನು ಕೋಣೆಯಲ್ಲಿ ಕೂಡಿಹಾಕಿದ್ದೇನೆ, ನೀನು ಬರುವುದು ಬೇಡ ಎಂದರು.